ಪೆಟ್ಟಿಗೆಯೊಳಗಿನ ಗೊಂಬೆ, ಕೌದಿಯೊಳಗಿನ ಕೂಸು

ಕಬ್ಬಿನ ರವದಿ ಸುಡುವ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಮೊನ್ನೆ ಮುಧೋಳದ ಬಸ್ಸಿನಲ್ಲಿ ಕೂತಿದ್ದೆ. ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲು, ಒಂದೊಂದಕ್ಕೆ ಎರಡೆರಡು ಟ್ರೇಲರ್, ದಾರಿ ಬಿಡುವವರಿಲ್ಲ. ಪಕ್ಕದ ಹೊಲದಲ್ಲಿ ಕಬ್ಬು ಕಡಿದು ಮುಗಿಸಿ, ಉಳಿದ ಒಣ ಎಲೆಗೆ, ಅದನ್ನೇ ನಾವು ರವದಿ ಎನ್ನುವುದು, ಬೆಂಕಿ ಹಚ್ಚಿದ್ದರು. ಹೊಗೆ ಕಿಟಕಿಯೊಳಗೆ ನುಗ್ಗಿತು. ಬಾಜು ಕೂತಿದ್ದ ಹೆಣ್ಣುಮಗಳು ನನ್ನ ಮುಖ ನೋಡಿ, "ಅಕ್ಕಾರ, ಕಣ್ಣಾಗ ನೀರು ಬಂದಾವಲ್ಲ, ಹೊಗಿ ಬಡೀತೇನ್ರಿ?" ಎಂದಳು. ಹೌದು ಎಂದುಬಿಟ್ಟೆ. ಖರೆ ಹೇಳಬೇಕೆಂದರೆ ರಶ್ಮಿ ನಮ್ಮ ಮನೆಯಲ್ಲಿದ್ದ ಹಂಗಾಮು ನೆನಪಾಗಿತ್ತು.

ಹಂಗಾಮು ಎಂದರೆ ನಮ್ಮ ಕಡೆ ಕಬ್ಬು ಕಡಿದು ನುರಿಸುವ ಕಾಲ. ದೀಪಾವಳಿ ಮುಗಿಯುವುದರೊಳಗೆ ವಿಜಯಪುರದ ಆಚೆಯಿಂದ, ಮಹಾರಾಷ್ಟ್ರದಿಂದ ಕಬ್ಬು ಕಡಿಯುವ ಗ್ಯಾಂಗಿನವರು ಬಂದಿಳಿಯುತ್ತಾರೆ. ಸಮೀರವಾಡಿಯಿಂದ ಹಿಪ್ಪರಗಿವರೆಗೆ, ಅತ್ತ ಗಲಗಲಿಯ ಹೊಳೆದಂಡೆಯವರೆಗೆ ಎಲ್ಲಿ ನೋಡಿದರೂ ಅವರ ಗುಡಿಸಲು. ಗಂಡ ಕಡಿಯುತ್ತಾನೆ, ಹೆಂಡತಿ ಕಟ್ಟು ಕಟ್ಟುತ್ತಾಳೆ, ಎಳೆಕೂಸು ಬದುವಿನ ಗಿಡಕ್ಕೆ ಕಟ್ಟಿದ ಸೀರೆಯ ಜೋಳಿಗೆಯಲ್ಲಿ ತೂಗುತ್ತಿರುತ್ತದೆ. ಹಗಲು ಹೊಗೆ, ನಸುಕಿಗೆ ಮಂಜು, ಹೊಳೆಯ ಮೇಲಿಂದ ಬರುವ ಥಂಡಿ ಗಾಳಿ. ಆ ಕೂಸುಗಳಿಗೆ ಕೆಮ್ಮು, ಉಬ್ಬಸ ಬರದೆ ಇನ್ನಾರಿಗೆ ಬಂದೀತು? ಪ್ರತಿ ವರ್ಷ ಬರುತ್ತದೆ. ಬರುತ್ತದೆ ಎಂದು ದವಾಖಾನೆಯ ಕಸ ಹೊಡೆಯುವವರಿಂದ ಹಿಡಿದು ಜಿಲ್ಲೆಯ ಸಾಹೇಬರವರೆಗೆ ಎಲ್ಲರಿಗೂ ಗೊತ್ತು. ಪ್ರತಿ ವರ್ಷ ತಪ್ಪದೆ ಬರುವ ನೆಂಟನಿಗೆ ಒಂದು ಚಾಪೆ ಹಾಸಿಡುವವರಿಲ್ಲ. ನನ್ನ ಸಿಟ್ಟು ಅಲ್ಲಿಂದ ಶುರು.

ರಶ್ಮಿ ಬಂದದ್ದು ದೀಪಾವಳಿಗೆ ಮುಂಚಿನ ಸೀಗಿ ಹುಣ್ಣಿವೆ ಕಳೆದ ಮೇಲೆ. ಮಂಡ್ಯದ ಕಡೆಯ ಹುಡುಗಿ. ಆಗಷ್ಟೇ ಡಾಕ್ಟರಕಿ ಓದು ಮುಗಿಸಿ, ಸರಕಾರದ ಕಡ್ಡಾಯ ಸೇವೆಗೆಂದು ನಮ್ಮ ಭಾಗದ ಒಂದು ಸರಕಾರಿ ದವಾಖಾನೆಗೆ ಬಂದಿದ್ದಳು. ಯಾವೂರಿನ ದವಾಖಾನೆ ಎಂದು ನಾನು ಹೇಳುವುದಿಲ್ಲ. ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ, ಯಾವುದನ್ನು ಬೇಕಾದರೂ ತಿಳಿದುಕೊಳ್ಳಿ. ಒಂದರ ಹೆಸರು ಹೇಳಿದರೆ ಉಳಿದವು ಚೆನ್ನಾಗಿವೆ ಎಂದಾಗುತ್ತದೆ. ನಮ್ಮ ಮಾಳಿಗೆಯ ಮೇಲಿನ ಖೋಲಿ ಖಾಲಿ ಇತ್ತು. ನಮ್ಮ ಮನೆಯವರು ಸಾಲಿ ಮಾಸ್ತರರು, ಓದಿದವರೆಂದರೆ ಅವರಿಗೆ ಪ್ರೀತಿ, ಹಾಗಾಗಿ ಖೋಲಿ ಕೊಟ್ಟೆವು. ಓಣಿಯ ಪಾವರ್‌ಲೂಮಿನ ಸದ್ದಿಗೆ ಮೊದಲ ವಾರ ಅವಳಿಗೆ ನಿದ್ದೆ ಬರಲಿಲ್ಲ. ಆಮೇಲೆ ಲೈಟು ಹೋಗಿ ಮಗ್ಗ ನಿಂತರೆ ಎಚ್ಚರಾಗತೊಡಗಿತು.

ಅವಳನ್ನು ಹಾಕಿದ್ದು ಕ್ಯಾಜುವಲ್ಟಿಗೆ. ತುರ್ತಾಗಿ ಬಂದವರನ್ನೆಲ್ಲ ಮೊದಲು ನೋಡುವ ಕೋಣೆ ಅದು. ಹಾವು ಕಡಿದವರು, ಬೈಕಿನಿಂದ ಬಿದ್ದವರು, ಮಗ್ಗದ ಬೆಲ್ಟಿಗೆ ಬೆರಳು ಸಿಕ್ಕವರು, ಯಾರು ಬಂದರೂ ಅವಳು ನೇರ ಕೆಲಸಕ್ಕೆ ಇಳಿಯುತ್ತಿದ್ದಳಂತೆ. ಆದರೆ ಕೆಲವು ದಿನ ಮನೆಗೆ ಬಂದವಳು ಊಟಕ್ಕೆ ಕೂತು ರೊಟ್ಟಿ ಮುರಿಯುತ್ತಲೇ ಇರುತ್ತಿದ್ದಳು, ಬಾಯಿಗೆ ಹೋಗುತ್ತಿರಲಿಲ್ಲ. ಒಂದು ದಿನ ಕೇಳಿದೆ.

"ದೊಡ್ಡೋರು ಬಂದ್ರೆ ಭಯ ಇಲ್ಲ ಆಂಟಿ," ಎಂದಳು. "ಮಗು ಬಂದ್ರೆ ಕೈ ತಣ್ಣಗಾಗುತ್ತೆ."

"ಯಾಕವಾ, ಕಾಲೇಜಿನ್ಯಾಗ ಕಲಿಸಿಲ್ಲೇನು?"

ಕಲಿಸಿದ್ದರು, ಪುಸ್ತಕದಲ್ಲಿ. ಮಕ್ಕಳ ವಾರ್ಡಿನಲ್ಲಿ ಸ್ವಲ್ಪ ದಿನ ನಿಲ್ಲಿಸಿದ್ದರು. ಒಂದು ತೊಟ್ಟಿಲ ಸುತ್ತ ಒಂದು ಬಸ್ಸಿನಷ್ಟು ಹುಡುಗರು. ಕೂಸು ಅಳುತ್ತದೆ, ಹಿಂದೆ ಸರಿಯಿರಿ ಎನ್ನುವವರೇ ಎಲ್ಲ. ಎಳೆಕೂಸಿನ ನರಕ್ಕೆ ಸೂಜಿ ಹಾಕಿದ್ದಿಲ್ಲ, ಉಸಿರು ನಿಂತ ಕೂಸಿಗೆ ಗಾಳಿ ಒತ್ತಿದ್ದಿಲ್ಲ. ದೊಡ್ಡವರಿಗೆ ಕೊಡುವ ಔಷಧವನ್ನೇ ಕಡಿಮೆ ಮಾಡಿ ಕೊಟ್ಟರಾಯಿತು ಎನ್ನುವಂತಿಲ್ಲ, ಕೂಸಿನ ದೇಹದ ರೀತಿಯೇ ಬೇರೆ, ಸೋಲುವ ರೀತಿಯೂ ಬೇರೆ ಎಂದು ವಿವರಿಸಿದಳು. ದವಾಖಾನೆಯಲ್ಲಿ ಮಕ್ಕಳ ಡಾಕ್ಟರರ ಕುರ್ಚಿ ವರ್ಷಗಳಿಂದ ಖಾಲಿ. ಕೇಳಿ ತಿಳಿದುಕೊಳ್ಳೋಣವೆಂದರೆ ಯಾರೂ ಇಲ್ಲ.

ನಮ್ಮ ಓಣಿಯಲ್ಲಿ ಹೊಸಬನ ಕೈಗೆ ಯಾರೂ ಮಗ್ಗ ಕೊಡುವುದಿಲ್ಲ. ಮೊದಲು ಬಾಜು ನಿಂತು ಹರಿದ ಎಳೆ ಗಂಟು ಹಾಕುವುದನ್ನು ಕಲಿಯಬೇಕು. ಕೆಟ್ಟರೆ ಕೆಡುವುದು ಒಂದು ಸೀರೆ. ಅಷ್ಟಕ್ಕೇ ನಮ್ಮವರು ಇಷ್ಟು ಜ್ವಾಕಿ, ಜೋಪಾನ ಮಾಡುತ್ತಾರೆ. ಕೂಸಿನ ಜೀವದ ಮುಂದೆ ಏನೂ ಕಲಿಸದ ಹುಡುಗಿಯನ್ನು ಒಬ್ಬಳನ್ನೇ ನಿಲ್ಲಿಸಿದವರಿಗೆ ಏನೆನ್ನಬೇಕು?

ಅವಳು ಅಂಜಿದ್ದು ಕಾರ್ತಿಕ ಮುಗಿಯುವುದರೊಳಗೆ ಆಗಿಯೇ ಬಿಟ್ಟಿತು. ಕಬ್ಬು ಕಡಿಯುವ ಹೆಣ್ಣುಮಗಳೊಬ್ಬಳು ನಾಲ್ಕೈದು ತಿಂಗಳ ಕೂಸನ್ನು ತಂದಳು. ಜ್ವರ ಎಂದಳು. ರಶ್ಮಿ ಜ್ವರ ನೋಡಿದಳು, ಕೂಸಿಗೆ ಸುತ್ತಿದ್ದ ದಪ್ಪ ಕೌದಿಯ ಸಂದಿಯೊಳಗೆ ಕೈ ಹಾಕಿ ಎದೆಯ ಸದ್ದು ಕೇಳಿದಳು, ಔಷಧದ ಲೆಕ್ಕ ಹಾಕಿದಳು. ಅಷ್ಟರಲ್ಲಿ ಕೂಸು ಮೆತ್ತಗಾಯಿತು. ಸೂಜಿಗೆ ನರ ಸಿಗಲಿಲ್ಲ. ಸಿಸ್ಟರಿಗೂ ಸಿಗಲಿಲ್ಲ. ಬಾಗಲಕೋಟೆಗೆ ಒಯ್ಯಿರೆಂದು ಆಂಬುಲೆನ್ಸಿನಲ್ಲಿ ಕಳಿಸಿದರು. ರಸ್ತೆಯ ತುಂಬ ಕಬ್ಬಿನ ಟ್ರ್ಯಾಕ್ಟರು. ಕೂಸು ದಾರಿಯಲ್ಲೇ ಹೋಯಿತು.

ತಾಯಿ ಯಾರನ್ನೂ ಬೈಯಲಿಲ್ಲವಂತೆ. ದವಾಖಾನೆಗೆ ಬಂದು ಬೈದವರೆಲ್ಲ ಸಂಬಂಧವಿಲ್ಲದವರು. ಒಬ್ಬ ಮೊಬೈಲ್ ಹಿಡಿದು ಹುಡುಗಿಯ ಮುಖದ ಮುಂದೆ ನಿಂತನಂತೆ, ಮತ್ತೊಬ್ಬ ನಿನ್ನನ್ನು ಡಾಕ್ಟರ್ ಮಾಡಿದವರು ಯಾರು ಎಂದನಂತೆ. ಎರಡನೆಯವನ ಪ್ರಶ್ನೆ ಸರಿಯಾಗಿಯೇ ಇತ್ತು, ಕೇಳಿದ್ದು ತಪ್ಪು ಮನುಷ್ಯರನ್ನು. ದವಾಖಾನೆಯ ದೊಡ್ಡ ಡಾಕ್ಟರು ಮರುದಿನ ಕರೆದು, ನೀವು ಮೊದಲೇ ಮುಂದಕ್ಕೆ ಕಳಿಸಬೇಕಿತ್ತು ಎಂದರಂತೆ. ಯಾವಾಗ ಕಳಿಸಬೇಕು ಎಂಬುದು ತಿಳಿಯುವುದೇ ವಿದ್ಯೆಯಲ್ಲವೇ? ಅದನ್ನು ಕಲಿಸಿದ್ದೇವೆಯೋ ಎಂದು ಯಾರೂ ಕೇಳಲಿಲ್ಲ.

ಅವಳು ಚೀಲ ತುಂಬಿಟ್ಟಳು. ಊರಿಗೆ ಹೋಗುತ್ತೇನೆ, ಡಾಕ್ಟರಕಿಯೇ ಬೇಡ ಎಂದಳು. ನಾನು ತಡೆಯಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಅವಳು ಹೋದರೆ ಆ ಕೋಣೆಯಲ್ಲಿ ಮತ್ತೊಬ್ಬ ಹೊಸಬ ನಿಲ್ಲುತ್ತಾನೆ, ಅವನೆದುರು ಮತ್ತೊಂದು ಕೂಸು ಬರುತ್ತದೆ. ಇದ್ದರೆ, ಕಲಿಯದೆ ಇದ್ದು ಏನು ಮಾಡಬೇಕು? ಹಂಗಾಮು ಇನ್ನೂ ಅರ್ಧವೂ ಆಗಿರಲಿಲ್ಲ.

ಆಗಲೇ ಬಂತು ತರಬೇತಿಯ ಸುದ್ದಿ. ಕ್ಯಾಜುವಲ್ಟಿಯ ಹೊಸ ಡಾಕ್ಟರುಗಳಿಗೆಲ್ಲ ಮಕ್ಕಳ ತುರ್ತು ಚಿಕಿತ್ಸೆ ಕಲಿಸುತ್ತಾರಂತೆ, ಉಸಿರಾಡುವಂಥ ರಬ್ಬರಿನ ಗೊಂಬೆ ತರಿಸಿದ್ದಾರಂತೆ. ನರ ಸಿಗದಿದ್ದರೆ ಮೊಣಕಾಲಿನ ಕೆಳಗೆ ಎಲುಬಿಗೇ ಸೂಜಿ ಹಾಕುವುದುಂಟಂತೆ, ಅದನ್ನೂ ಆ ಗೊಂಬೆಯ ಕಾಲಿನ ಮೇಲೆ ಕಲಿಯಬಹುದಂತೆ. ಕೇಳಿ ನನಗೆ ಮೈ ಜುಮ್ಮೆಂದಿತು. ಹುಡುಗಿಯ ಮುಖದಲ್ಲಿ ಮಾತ್ರ ಎಷ್ಟೋ ದಿನದ ಮೇಲೆ ರಕ್ತ ಬಂತು. ಚೀಲ ಬಿಚ್ಚಿದಳು. ನಾನು ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟೆ. ನಮ್ಮ ಮನೆದೇವರು ಮಲ್ಲಯ್ಯ ಕಣ್ಣು ತೆರೆದನಲ್ಲ ಎಂದು ಅವತ್ತು ಎರಡು ಊದಿನಕಡ್ಡಿ ಹೆಚ್ಚಿಗೆ ಹಚ್ಚಿದೆ.

ತರಬೇತಿ ಮುಗಿಸಿ ಸಂಜೆ ಬಂದವಳ ಕೈಯಲ್ಲಿ ಒಂದು ಹಾರ ಇತ್ತು, ಒಂದು ಪ್ರಮಾಣಪತ್ರ ಇತ್ತು. ಬ್ಯಾನರ್ ಕಟ್ಟಿದ್ದರಂತೆ. ದೀಪ ಹಚ್ಚಿದರಂತೆ. ಸಾಹೇಬರು ತಡವಾಗಿ ಬಂದು ಮಕ್ಕಳೇ ದೇಶದ ಸಂಪತ್ತು ಎಂದು ಮಾತಾಡಿದರಂತೆ. ಊಟಕ್ಕೆ ಹೋಳಿಗೆ, ತುಪ್ಪ. ಆಮೇಲೆ ಫೋಟೋ.

"ಗೊಂಬಿ?" ಎಂದೆ.

"ಟೇಬಲ್ ಮೇಲಿತ್ತು ಆಂಟಿ. ಪೆಟ್ಟಿಗೆಯಲ್ಲಿ. ಹಾಳಾದ್ರೆ ಯಾರು ಜವಾಬ್ದಾರಿ ಅಂತ ತೆಗೀಲಿಲ್ಲ."

ಹಾರ ತಗೊಂಡು ಹೋಗಿ ದನಕ್ಕೆ ಹಾಕಿದೆ. ನಾನು ದೇವರು ಕೊಟ್ಟ ಸಣ್ಣ ಸಣ್ಣ ಉಪಕಾರಗಳನ್ನು ನೆನೆದು ಮಲಗುವ ಹೆಂಗಸು. ಹಾಲು ಒಡೆಯಲಿಲ್ಲ, ನೀರು ಬಂತು, ಮನೆಯವರ ಮೊಣಕಾಲು ಇವತ್ತು ಹಗುರಿತ್ತು, ಇಂಥವು. ಅವತ್ತು ನೆನೆಯಲು ಕೂತರೆ ಏನೂ ಸಿಗಲಿಲ್ಲ. ಗೊಂಬೆ ಹಾಳಾದೀತೆಂದು ಅಂಜಿದರಲ್ಲ, ಕೂಸು ಹಾಳಾದೀತೆಂಬ ಅಂಜಿಕೆ ಒಬ್ಬರಿಗಾದರೂ ಬರಲಿಲ್ಲವೇ?

ಸೋಮವಾರ ನಾವು ಅಕ್ಕನ ಬಳಗದ ಹೆಂಗಸರು ಗುಡಿಯಲ್ಲಿ ವಚನ ಹೇಳಲು ಸೇರುತ್ತೇವೆ. ವಚನ ಮುಗಿದ ಮೇಲೆ ವಿಷಯ ಹೇಳಿದೆ. ಬಾಜು ಮನೆಯ ಗಂಗವ್ವ ಗಟ್ಟಿ ಬಾಯಿಯವಳು, "ಇಲ್ಲಿ ಕುಂತು ಹಲ್ಲು ಕಡದ್ರ ಏನಾಕ್ಕೈತಿ, ನಡೀರಿ" ಎಂದು ಎದ್ದಳು. ಮರುದಿನ ಐದಾರು ಮಂದಿ ದವಾಖಾನೆಗೆ ಹೋಗಿ ದೊಡ್ಡ ಡಾಕ್ಟರ ಮುಂದೆ ನಿಂತೆವು. ಅವರು ನಮ್ಮನ್ನು ಮೇಲಿಂದ ಕೆಳಗೆ ನೋಡಿ, ಯಾವ ಸಂಘಟನೆ, ಯಾವ ಪಕ್ಷ ಎಂದು ಅಂದಾಜು ಹಾಕುತ್ತಿದ್ದರು.

"ನೀವು ಯಾರ ಕಡೇವ್ರರಿ?"

"ಕೂಸಿನ ಕಡೇವ್ರರಿ," ಎಂದಳು ಗಂಗವ್ವ.

ತರಬೇತಿ ಆಗಿದೆ, ಪೇಪರಿನಲ್ಲಿ ಫೋಟೋ ಸಹಿತ ಬಂದಿದೆ ಎಂದು ಕತ್ತರಿಸಿಟ್ಟ ತುಂಡು ತೋರಿಸಿದರು. ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಶಾಲು ಹೊದ್ದವರ ಸಾಲು. "ಇದರಾಗ ಗೊಂಬಿ ಎಲ್ಲೈತ್ರಿ ಸಾಹೇಬ್ರ?" ಎಂದೆ. ಅವರು ಆ ತುಂಡನ್ನು ಮಡಚಿಟ್ಟರು. ಆಮೇಲೆ ಬಾಗಿಲು ಮುಂದೆ ಮಾಡಿ, ದನಿ ಇಳಿಸಿ, ತಮ್ಮ ಕಷ್ಟ ಹೇಳಿಕೊಂಡರು. ತಾವು ಎಲುಬಿನ ಡಾಕ್ಟರು, ಮಕ್ಕಳ ವಿದ್ಯೆ ತಮಗೂ ಮರೆತಿದೆ. ಮಕ್ಕಳ ಡಾಕ್ಟರು ಬೇಕೆಂದು ಬರೆದು ಬರೆದು ಸಾಕಾಗಿದೆ. ಗೊಂಬೆ ಜಿಲ್ಲೆಯದು, ತಮ್ಮ ಕೈಯಲ್ಲಿಲ್ಲ. ಸಿಟ್ಟು ಹೊತ್ತು ಹೋದವಳಿಗೆ ಅದನ್ನು ಇಳಿಸಲು ಜಾಗ ಸಿಗಲಿಲ್ಲ. ಇವರು ಅವರನ್ನು ತೋರಿಸುತ್ತಾರೆ, ಅವರು ಮೇಲಿನವರನ್ನು ತೋರಿಸುತ್ತಾರೆ. ಬೆರಳು ಮೇಲೆ ಹೋಗಿ ಹೋಗಿ ಕಡೆಗೆ ದೇವರನ್ನೇ ತೋರಿಸುತ್ತದೆ. ಅದು ನನಗೆ ಸಹನವಾಗುವುದಿಲ್ಲ.

ಮನೆಗೆ ಬಂದಾಗ ಮನೆಯವರು ಒಂದು ಹೆಸರು ನೆನಪಿಸಿದರು. ನಮ್ಮ ಮಗ ಚಿಕ್ಕವನಿದ್ದಾಗ ತೋರಿಸುತ್ತಿದ್ದ ಮುಧೋಳದ ಮಕ್ಕಳ ಡಾಕ್ಟರು. ಈಗ ವಯಸ್ಸಾಗಿದೆ, ಆದರೂ ದಿನಾ ಸ್ವಲ್ಪ ಹೊತ್ತು ಸ್ವಂತ ದವಾಖಾನೆಯಲ್ಲಿ ಕೂಡುತ್ತಾರೆ. ಗುರುವಾರ ರಶ್ಮಿಗೆ ರಜೆ. ಅವಳ ಕೈ ಹಿಡಿದು ಬಸ್ಸು ಹತ್ತಿದೆ. ಅವರ ಮುಂದೆ ನಿಂತು ಎಲ್ಲ ಹೇಳಿದೆ, ಹೇಳುವಾಗ ದನಿ ಏರಿತ್ತೆಂದು ಕಾಣುತ್ತದೆ, ಹೊರಗಿನ ಮಂದಿ ಇಣುಕಿದರು. ಅವರು ಕೇಳಿ ಮುಗಿಸಿ ರಶ್ಮಿಗೆ ಒಂದು ಸ್ಟೂಲು ತೋರಿಸಿದರು. "ಕೂಡವಾ. ಮೊದಲ ನೋಡು. ಆಮ್ಯಾಲ ನೀ ಮಾಡು, ನಾ ನೋಡ್ತೇನಿ."

ನಾನು ಮೂಲೆಯಲ್ಲಿ ಕೂತು ಅವರ ಕೆಲಸದ ರೀತಿ ನೋಡಿದೆ. ಟೇಬಲಿನ ಮೇಲೆ ಸ್ಟೆತಸ್ಕೋಪಿನ ಪಕ್ಕ ಒಂದು ಕಾಡಿಗೆ ಡಬ್ಬಿ. ಕೂಸು ಬಂದ ಕೂಡಲೇ ಅದರ ಅಂಗಾಲಿಗೆ ಒಂದು ಬೊಟ್ಟು ಹಚ್ಚುತ್ತಾರೆ. ಹಚ್ಚಿದ ಮರುಗಳಿಗೆ ತಾಯಿ ತಾನಾಗಿ ಕೌದಿ ಬಿಚ್ಚುತ್ತಾಳೆ. ನಮ್ಮ ಹೆಂಗಸರು ಎಳೆಕೂಸನ್ನು ಪರರ ಮುಂದೆ ಬಿಚ್ಚುವುದಿಲ್ಲ, ದೃಷ್ಟಿಯಾಗುತ್ತದೆಂಬ ಅಂಜಿಕೆ. ಚಳಿಗಾಲದಲ್ಲಂತೂ ಕುಲಾವಿ, ಅಂಗಿ, ಅರಿವೆ, ಮೇಲೊಂದು ಕೌದಿ, ಮೂಗಿನ ತುದಿ ಬಿಟ್ಟರೆ ಏನೂ ಕಾಣುವುದಿಲ್ಲ. ಡಾಕ್ಟರು ಕೇಳಿದರೂ ಸ್ವಲ್ಪ ಸಡಿಲ ಮಾಡಿ ಮತ್ತೆ ಮುಚ್ಚುತ್ತಾರೆ.

"ನಿಮಗ ದೃಷ್ಟಿ ಮ್ಯಾಲ ನಂಬಿಕಿ ಐತೇನ್ರಿ?" ಎಂದು ಕೇಳಿದೆ.

"ನನಗಿಲ್ಲವಾ. ಆಕಿಗೈತಿ. ಕೌದಿ ಬಿಚ್ಚಾಕಿ ಆಕಿ, ನಾ ಅಲ್ಲ," ಎಂದರು. ಮತ್ತೆ ರಶ್ಮಿಯ ಕಡೆ ತಿರುಗಿ ಬಿಚ್ಚಿದ ಎದೆಯನ್ನು ತೋರಿಸಿದರು. ಉಸಿರು ಎಳೆದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಚರ್ಮ ಒಳಗೆ ಗುಳಿ ಬೀಳುತ್ತಿತ್ತು. "ಇದನ್ನ ಕಿವೀಲೆ ಕೇಳಾಕ ಬರೂದಿಲ್ಲ, ಕಣ್ಣೀಲೆ ನೋಡಬೇಕು. ಇನ್ನೊಂದು ನೆನಪಿಡು. ಅಳೋ ಕೂಸಿಗೆ ಅಂಜಬ್ಯಾಡ. ಅಳೂದು ಬಿಟ್ಟ ಕೂಸಿಗೆ ಅಂಜು."

ತಿರುಗಿ ಬರುವಾಗ ಬಸ್ಸಿನಲ್ಲಿ ರಶ್ಮಿ ಕಿಟಕಿಗೆ ಹಣೆ ಹಚ್ಚಿ ಕೂತಿದ್ದಳು. ಅರ್ಧ ದಾರಿ ಕಳೆದ ಮೇಲೆ, "ಆಂಟಿ, ಆ ಮಗೂನ ನಾನು ಬಿಚ್ಚಿಸಲೇ ಇಲ್ಲ," ಎಂದಳು. ನಾನು ಅವಳ ಕೈ ಹಿಡಿದುಕೊಂಡೆ. ಇಷ್ಟು ವರ್ಷ ಓದಿಸಿ, ಇಷ್ಟು ಪರೀಕ್ಷೆ ಬರೆಸಿ, ಕೌದಿ ಬಿಚ್ಚಿಸಿ ಎದೆ ನೋಡು ಎಂಬ ಒಂದು ಮಾತನ್ನು ಬಾಜು ನಿಂತು ಹೇಳುವವರಿರಲಿಲ್ಲ. ಆ ಒಂದು ಮಾತಿಗೆ ಯಾರದೋ ಹೊಟ್ಟೆಯ ಕೂಸು ಹೋಗಬೇಕಾಯಿತು. ಇದನ್ನು ವಿಧಿ ಎನ್ನುವವರ ಬಾಯಿಗೆ ನಾನು ಮಣ್ಣು ಹಾಕುತ್ತೇನೆ.

ಆಮೇಲೆ ಪ್ರತಿ ಗುರುವಾರ ಅವಳು ಮುಧೋಳಕ್ಕೆ ಹೋದಳು. ಡಾಕ್ಟರು ತಮ್ಮಲ್ಲಿದ್ದ, ಕೈಯಿಂದ ಒತ್ತಿ ಉಸಿರು ಕೊಡುವ ಒಂದು ಹಳೆಯ ಗಾಳಿಚೀಲ ಮತ್ತು ಎಳೆಕೂಸಿನ ಮೂಗು-ಬಾಯಿಗೆ ಕೂಡುವ ಸಣ್ಣ ಮುಖವಾಡ ಕೊಟ್ಟಿದ್ದರು. ಕ್ಯಾಜುವಲ್ಟಿಯಲ್ಲಿದ್ದದ್ದು ದೊಡ್ಡವರದು, ಕೂಸಿಗೆ ಇಟ್ಟರೆ ಕಣ್ಣನ್ನೂ ಮುಚ್ಚುವಂಥದು. ನಾನು ಹಳೇ ಧೋತರಕ್ಕೆ ಮಗ್ಗದ ಕೆಳಗಿನ ನೂಲಿನ ಕಸ ತುಂಬಿ ಒಂದು ಗೊಂಬೆ ಹೊಲಿದುಕೊಟ್ಟೆ. ಅದಕ್ಕೆ ಉಸಿರಿಲ್ಲ, ಎಲುಬಿಲ್ಲ, ಆದರೆ ಪೆಟ್ಟಿಗೆಯೂ ಇಲ್ಲ. ಅವಳು ಪಡಸಾಲೆಯಲ್ಲಿ ಕೂತು ಅದರ ಹೆಗಲಿನ ಕೆಳಗೆ ಮಡಚಿದ ಅರಿವೆ ಇಟ್ಟು, ಗದ್ದ ಎತ್ತಿ, ತಲೆ ಹೂವಿನ ವಾಸನೆ ನೋಡುವ ಕೂಸಿನಂತೆ ಇರಬೇಕು, ಹೆಚ್ಚು ಹಿಂದೆ ಬಾಗಬಾರದು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಗಂಗವ್ವ ಬಾಗಿಲಲ್ಲಿ ನಿಂತು, "ಡಾಕ್ಟರ್ ಬಾಯಿ ಗೊಂಬಿ ಆಡಾಕತ್ತಾಳ, ಲಗೂನ ಒಂದು ವರ ನೋಡ್ರಿ ಮಾಸ್ತರ" ಎಂದು ನಗಿಸುತ್ತಿದ್ದಳು.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ನಾನೇ ಆ ಕ್ಯಾಜುವಲ್ಟಿಯಲ್ಲಿದ್ದೆ. ರೊಟ್ಟಿಯ ಹಂಚು ತಾಗಿ ಕೈ ಸುಟ್ಟಿತ್ತು, ಪಟ್ಟಿ ಕಟ್ಟಿಸಲು ಹೋಗಿದ್ದೆ. ಸಿಸ್ಟರ್ ಅರ್ಧ ಕಟ್ಟಿದ್ದಳು, ಕಬ್ಬಿನ ಗ್ಯಾಂಗಿನ ಗಂಡಹೆಂಡಿರು ಒಳಗೆ ಬಂದರು. ಹೆಣ್ಣುಮಗಳ ಎದೆಗೆ ಒತ್ತಿ ಹಿಡಿದ ಒಂದು ಕೌದಿಯ ಗಂಟು. ಕೆಮ್ಮು ಎಂದಳು. ಗಂಟಿನಿಂದ ಸದ್ದಿಲ್ಲ.

ರಶ್ಮಿ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ಕಿಸೆಯಿಂದ ಕಾಡಿಗೆ ಡಬ್ಬಿ ತೆಗೆದು ಕೂಸಿನ ಪಾದ ಹುಡುಕಿ ಒಂದು ಬೊಟ್ಟು ಇಟ್ಟಳು. ತಾಯಿ ಅವಳ ಮುಖವನ್ನೇ ನೋಡಿದಳು.

"ದೃಷ್ಟಿ ಹೋತು. ಈಗ ಬಿಚ್ಚವಾ," ಎಂದಳು ರಶ್ಮಿ, ನಮ್ಮ ಮಾತಿನಲ್ಲಿ.

ತಾಯಿ ಬಿಚ್ಚಿದಳು. ಎದೆ ನನಗೆ ದೂರದಿಂದಲೇ ಕಂಡಿತು. ಪ್ರತಿ ಉಸಿರಿಗೂ ಗುಳಿ. ಮೂಗಿನ ಹೊಳ್ಳೆಗಳು ಅರಳುತ್ತಿದ್ದವು. ಆಮ್ಲಜನಕ ಹಚ್ಚಿದರು, ಮೂಗಿನ ಸಿಂಬಳ ಎಳೆದರು. ಅಷ್ಟರಲ್ಲಿ ಆ ಗುಳಿಯೂ ನಿಂತಿತು. ಕೂಸು ಉಸಿರೇ ಬಿಟ್ಟಿತ್ತು. ರಶ್ಮಿ ಹೆಗಲ ಕೆಳಗೆ ಅರಿವೆ ಇಟ್ಟು, ಗದ್ದ ಎತ್ತಿ, ಸಣ್ಣ ಮುಖವಾಡ ಇಟ್ಟು ಚೀಲ ಒತ್ತಿದಳು. ಅವಸರವಿಲ್ಲದೆ ಒತ್ತಿದಳು. ಒತ್ತಿ, ಎದೆ ಏಳುವುದನ್ನು ನೋಡಿ, ಬಿಟ್ಟು, ಮತ್ತೆ ಒತ್ತಿದಳು. ತಾಯಿ ಬಂದು ನನ್ನ ಸುಟ್ಟ ಕೈಯನ್ನೇ ಗಟ್ಟಿ ಹಿಡಿದಳು. ಉರಿ ನೆತ್ತಿಗೇರಿತು, ಬಿಡಿಸಿಕೊಳ್ಳಲಿಲ್ಲ. ಬಾಯಿಯಲ್ಲಿ ಪಂಚಾಕ್ಷರಿ ನಡೆದಿತ್ತು.

ಕೂಸು ಮೊದಲು ಕೆಮ್ಮಿತು. ಆಮೇಲೆ ಬೆಕ್ಕಿನ ಮರಿಯಂಥ ದನಿಯಲ್ಲಿ ಅತ್ತಿತು. ರಶ್ಮಿ ತಾಯಿಯ ಕಡೆ ತಿರುಗಿ, "ಅಳಲಿ ಬಿಡು, ಅಳಲಿ," ಎಂದಳು.

ಗಾಳಿಚೀಲ ಕೈಯಲ್ಲೇ ಹಿಡಿದು ಬಾಗಲಕೋಟೆಗೆ ರಶ್ಮಿಯೇ ಜೊತೆಗೆ ಹೋದಳು. ಆ ದಿನ ಟ್ರ್ಯಾಕ್ಟರಿನವರು ಬದಿಗೆ ಸರಿದು ದಾರಿ ಬಿಟ್ಟರಂತೆ. ಅದನ್ನೂ ಉಪಕಾರದ ಲೆಕ್ಕಕ್ಕೇ ಹಿಡಿದೆ. ಕೂಸು ಉಳಿಯಿತು. ಹೊಲದ ಗುಡಿಸಲಿಗೆ ಮರಳಿದ ಮೇಲೆ ಆ ತಾಯಿ ನಾಲ್ಕು ಗಳ ಕಬ್ಬು ಹೊತ್ತು ತಂದು ನಮ್ಮ ಕಟ್ಟೆಯ ಮೇಲೆ ಇಟ್ಟು ಹೋದಳು. ಮಾಲೀಕನ ಹೊಲದ ಕಬ್ಬೇ ಇರಬೇಕು. ಶಿವ ಕ್ಷಮಿಸುತ್ತಾನೆ ಎಂದು ಎಲ್ಲರೂ ತಿಂದೆವು.

ಇಲ್ಲಿಗೆ ಮುಗಿದಿದ್ದರೆ ಸಿಟ್ಟು ಆರುತ್ತಿತ್ತೇನೋ. ಪೇಪರಿನಲ್ಲಿ ಸುದ್ದಿ ಬಂತು. ತರಬೇತಿಯ ಫಲವಾಗಿ ಕೂಸು ಉಳಿಯಿತು ಎಂದು ಬರೆದಿತ್ತು. ಅದೇ ಬ್ಯಾನರಿನ ಹಳೇ ಫೋಟೋ. ಮನೆಯವರು ಓದಿ ಹೇಳುವಾಗ ನನ್ನ ಕೈಯಲ್ಲಿದ್ದ ಹಿಟ್ಟು ಹಾಗೇ ಒಣಗಿತು. ರಶ್ಮಿ ಮಾತ್ರ ನಕ್ಕಳು. "ಬಿಡಿ ಆಂಟಿ, ಮಗು ಚೆನ್ನಾಗಿದೆಯಲ್ಲ," ಎಂದಳು. ಹುಡುಗಿ ಬಿಟ್ಟಳು, ನನಗೆ ಬಿಡಲಾಗಲಿಲ್ಲ. ತರಬೇತಿ ಆಗಿದೆ ಎಂದು ಬರೆದರಲ್ಲ, ಇನ್ನು ಆ ಗೊಂಬೆ ಪೆಟ್ಟಿಗೆಯಿಂದ ಯಾವ ಕಾಲಕ್ಕೆ ಹೊರಬಂದೀತು?

ವರ್ಷ ತುಂಬಿತು. ಅವಳು ಮಕ್ಕಳ ಡಾಕ್ಟರಕಿಯನ್ನೇ ಮುಂದೆ ಓದಲು ಹೋದಳು. ಅವಳ ಜಾಗಕ್ಕೆ ಕೋಲಾರದ ಕಡೆಯ ಒಬ್ಬ ಹುಡುಗ ಬಂದ. ಅವನೂ ನಮ್ಮ ಖೋಲಿ ಕೇಳಿಕೊಂಡೇ ಬಂದ. ಕೂಡಿಸಿ ಚಹಾ ಕೊಟ್ಟು, ಎಳೆಕೂಸಿಗೆ ಎಂದಾದರೂ ಕೈ ಹಚ್ಚಿದ್ದೀಯೇನಪ್ಪ ಎಂದು ಕೇಳಿದೆ. ಅವನು ಇಲ್ಲವೆಂದು ತಲೆಯಾಡಿಸಿದ.

"ಖೋಲಿ ಕೊಡ್ತೇನಿ," ಎಂದೆ. "ಗುರುವಾರಕ್ಕೊಮ್ಮಿ ಮುಧೋಳಕ್ಕ ಹೋಗಿ ಮಕ್ಕಳ ಡಾಕ್ಟರ್ ಅಜ್ಜಾರ ಬಾಜು ಕೂಡಬೇಕು. ಆಗೂದಿಲ್ಲಂದ್ರ ಬ್ಯಾರೆ ಮನಿ ನೋಡ್ಕೋ."

ಹೋದ. ಅವನ ನಂತರ ಬಂದವರೂ ಹೋದರು. ಈಗ ಇರುವ ಹುಡುಗಿಯೂ ಹೋಗುತ್ತಾಳೆ. ಬಳಗದವರು ಇದನ್ನು ಹೊಗಳುತ್ತಾರೆ, ನನಗೆ ನಾಚಿಕೆಯಾಗುತ್ತದೆ. ರೊಟ್ಟಿ ಬಡಿಯುವ ಒಬ್ಬ ಹೆಂಗಸು ಬಾಡಿಗೆಯ ಕರಾರಿನಲ್ಲಿ ಮಾಡಿಸಬೇಕಾದ ಕೆಲಸವೇ ಇದು? ನಮ್ಮ ಖೋಲಿಗೆ ಬರದ ಡಾಕ್ಟರು ಎಲ್ಲಿ ಕಲಿಯುತ್ತಾನೆ, ಅವನೆದುರು ಬಂದ ಕೂಸಿನ ಗತಿ ಏನು?

ಮುಧೋಳದ ಡಾಕ್ಟರಿಗೆ ಈಗ ಕೈ ನಡುಗುತ್ತದೆ. ಸೋಮವಾರ ಮಲ್ಲಯ್ಯನ ಮುಂದೆ ದೀಪ ಹಚ್ಚಿ, ಅವರ ಆಯುಷ್ಯ ಗಟ್ಟಿ ಇಡಪ್ಪ ಎಂದು ಬೇಡುತ್ತೇನೆ. ಬೇಡುತ್ತಿದ್ದಂತೆಯೇ ನಾಲಿಗೆ ತಡೆಯುತ್ತದೆ. ಮಳೆ ಬೇಡಬಹುದು, ಸಂತಾನ ಬೇಡಬಹುದು. ಸರಕಾರ ಕುರ್ಚಿ ಕೊಟ್ಟು ಕೂಡಿಸಿದ ಡಾಕ್ಟರಿಗೆ ಕೂಸಿನ ಎದೆ ನೋಡಲು ಕಲಿಸೋ ತಂದೆ ಎಂದು ದೇವರ ಹತ್ತಿರ ಬೇಡುವುದೇ? ದೇವರ ಪಾಲಿನ ಕೆಲಸ ದೇವರು ಮಾಡಿದ್ದಾನೆ. ಕೂಸಿಗೆ ಉಸಿರು ಕೊಟ್ಟೇ ಕಳಿಸಿದ್ದಾನೆ.